ಗೊರಗೊರ ಇಲ್ಲದ ರೇಡಿಯೊ

"ಸತ್ತೋಗೈತೆ ಇದು," ಎಂದು ವೆಂಕಟೇಶಪ್ಪ ಹೊಸ ರೇಡಿಯೊವನ್ನು ಜಗಲಿಯ ಮೇಲೆ ಅಂಗಾತ ಮಲಗಿಸಿದ. "ಜೀವ ಇರೋ ರೇಡಿಯೊ ಅಂದ್ರೆ ಗೊರಗೊರ ಅಂತಾದ್ರೂ ಅನ್ಬೇಕು. ಇದು ಉಸ್ರೇ ಬಿಡ್ತಾ ಇಲ್ಲ."

"ನೆನ್ನೆ ತಂದಿರೋದು ಮಾಮ," ಎಂದಳು ಶಶಿರೇಖ. "ಅಂಗಡಿಯೋನು ನನ್ನ ಎದುರ್ಗೇ ಆಕಿ ತೋರ್ಸವನೆ. ಬೆಂಗ್ಳೂರಲ್ಲಿ ಚೆನ್ನಾಗೇ ಮಾತಾಡ್ತು."

"ಬೆಂಗ್ಳೂರಲ್ಲಿ ಕಲ್ಲೂ ಮಾತಾಡ್ತದೆ. ಇದು ಬಂಗಾರಪೇಟೆ ಸೀಮೆ ಕಣಮ್ಮ."

ನಾಲ್ಕು ಗಂಟೆಗೆ ಇನ್ನು ಇಪ್ಪತ್ತು ನಿಮಿಷವಿತ್ತು. ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಶಿರೇಖಳ ತಾಯಿ ಮುನಿನಾರಾಯಣಮ್ಮ ಕೂತಿದ್ದಳು. ಮಗಳು ಬೆಳಿಗ್ಗೆಯೇ ತಲೆಗೆ ನೀರು ಹಾಕಿ, ಮದುವೆಗೆ ಹೊರಟವಳಿಗೆ ಮಾಡುವಂತೆ ಒಳ್ಳೆಯ ಸೀರೆ ಉಡಿಸಿದ್ದಳು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಮುದುಕಿಯ ಬಲಗೈ, ಬಲಗಾಲು, ಮಾತು ಎಲ್ಲ ಒಂದೇ ದಿನ ಹೋದವು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಕಣ್ಣಿನಲ್ಲಿ, ಇಲ್ಲವೇ ಎಡಗೈಯಲ್ಲಿ.

ಹೋದ ವಾರ ರೇಡಿಯೊ ಸ್ಟೇಷನ್ನಿನಿಂದ ಫೋನು ಬಂದಿತ್ತು. ಹಳೆಯ ಟೇಪುಗಳನ್ನು ಹುಡುಕುವಾಗ ಮೂವತ್ತು ವರ್ಷದ ಹಿಂದೆ ಮುನಿನಾರಾಯಣಮ್ಮ ರಾಗಿ ಹೊಲದಲ್ಲಿ ಹಾಡಿದ ಕಳೆ ಕೀಳುವ ಪದ ಸಿಕ್ಕಿದೆ, ಶನಿವಾರ ನಾಲ್ಕಕ್ಕೆ ಹಾಕುತ್ತೇವೆ, ಹೊಸ ಡಿಜಿಟಲ್ ಚಾನೆಲ್ಲಿನಲ್ಲಿ ಮಾತ್ರ ಬರುತ್ತದೆ ಎಂದಿದ್ದರು. ಒಂದೇ ಸಲ. ಮೊಬೈಲಿನಲ್ಲಿ ಬರುತ್ತದೇನೋ ಎಂದು ಶಶಿರೇಖ ಎಷ್ಟು ತಡಕಿದರೂ ಆ ಚಾನೆಲ್ ಸಿಕ್ಕಿರಲಿಲ್ಲ. ಗಾರ್ಮೆಂಟ್ಸ್ ಕೆಲಸಕ್ಕೆ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವಳು, ಚೀಟಿ ಎತ್ತಿದ ದುಡ್ಡಿನಲ್ಲಿ ರೇಡಿಯೊ ತಂದು, ಇವತ್ತು ರಜ ಹಾಕಿದ್ದಳು. ಆಮೇಲೆ ವೆಂಕಟೇಶಪ್ಪನಿಗೆ ಫೋನು ಮಾಡಿದ್ದಳು.

ಅವನಿಗಲ್ಲದೆ ಇನ್ಯಾರಿಗೆ ಮಾಡಬೇಕು? ನಲವತ್ತು ವರ್ಷ ಬಂಗಾರಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವನು. ಮೂರು ರಾಜ್ಯ ಸೇರುವ ಸೀಮೆ ಇದು. ಹೊತ್ತು ಮುಳುಗಿತೆಂದರೆ ಮದರಾಸು, ಕಡಪ, ಬೆಂಗಳೂರು ಮೂರೂ ಒಂದರ ಮೇಲೊಂದು ಹತ್ತಿಕೊಂಡು ಬರುತ್ತಿದ್ದವು. ತಮಿಳು ವಾರ್ತೆಯ ಕೆಳಗೆ ತೆಲುಗು ಹರಿಕಥೆ, ಅದರ ಕೆಳಗೆಲ್ಲೋ ಕನ್ನಡ. ವೆಂಕಟೇಶಪ್ಪ ಗುಂಡಿಯ ಮೇಲೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ, ಆ ಗೊರಗೊರದೊಳಗಿಂದ ಬೇಕಾದ ಸ್ಟೇಷನ್ನನ್ನು ಅಕ್ಕಿಯೊಳಗಿನ ಕಲ್ಲು ಆರಿಸಿದಂತೆ ಆರಿಸಿ ಕೊಡುತ್ತಿದ್ದ. ಗೊರಗೊರವೇ ಅವನಿಗೆ ದಾರಿ.

ಒಂದೇ ಒಂದು ಸಂಜೆ ಆ ಬೆರಳು ಕೈಕೊಟ್ಟಿತ್ತು. ಅದು ಮೂವತ್ತು ವರ್ಷದ ಹಿಂದೆ, ಇದೇ ಪದ, ಇದೇ ಊರು. ಪಂಚಾಯ್ತಿ ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಅರ್ತಿಂಗ್ ತಂತಿಯನ್ನು ನೆಲಕ್ಕೆ ಹೂತು, ಉಪ್ಪು ಸುರಿದು, ಎರಡು ಕೊಡ ನೀರು ಹುಯ್ದು ಅವನೇ ರೇಡಿಯೊ ಹಾಕಿದ್ದ. ಮುನಿನಾರಾಯಣಮ್ಮನ ಹೆಸರು ಹೇಳಿದ್ದು ಎಲ್ಲರಿಗೂ ಕೇಳಿಸಿತು. ಪದದ ಮೊದಲ ಸೊಲ್ಲು ಎದ್ದಿದ್ದೇ ತಡ, ಮದರಾಸು ಅಡ್ಡ ಬಂತು. ಅವನು ತಿರುಗಿಸಿದ, ಬೆವರಿದ, ಮತ್ತೆ ತಿರುಗಿಸಿದ. ಕನ್ನಡ ಸಿಕ್ಕುವ ಹೊತ್ತಿಗೆ ಯಾರೋ ಹಿಪ್ಪುನೇರಳೆಗೆ ಗೊಬ್ಬರ ಹಾಕುವುದನ್ನು ಹೇಳುತ್ತಿದ್ದರು. ಮುನಿನಾರಾಯಣಮ್ಮ ಅವನನ್ನು ಮನೆಗೆ ಕರೆದು ಮುದ್ದೆ, ಹುರುಳಿ ಸಾರು ಬಡಿಸಿ ಕಳಿಸಿದ್ದಳು. ಬೈದಿದ್ದರೆ ಅವನು ಎಂದೋ ಮರೆತುಬಿಡುತ್ತಿದ್ದ.

ಅದಕ್ಕೇ ಇವತ್ತು ತಾಮ್ರದ ತಂತಿಯ ಸುರುಳಿ ಹಿಡಿದು ಮಧ್ಯಾಹ್ನದ ಬಸ್ಸಿಗೇ ಬಂದಿಳಿದಿದ್ದ.

"ಇದ್ರ ಜೊತೆ ಒಂದು ಪುಸ್ತಕ ಕೊಟ್ಟವ್ರೆ ಮಾಮ. ಓದ್ಲಾ?"

"ಪುಸ್ತಕ ನೋಡ್ಕಂಡು ರೇಡಿಯೊ ಕಲ್ತೋನಾ ನಾನು? ಒಂದು ಚೊಂಬು ನೀರು ತಗಂಬಾ. ಉಪ್ಪೂ ತಾ."

ತಂತಿಯ ಒಂದು ತುದಿಯನ್ನು ಏರಿಯಲ್ ಕಡ್ಡಿಗೆ ಸುತ್ತಿ ಸೂರಿಗೆ ಕಟ್ಟಿದ. ಇನ್ನೊಂದು ತುಂಡನ್ನು ಎಲ್ಲಿ ಸಿಕ್ಕಿಸುವುದೆಂದು ರೇಡಿಯೊವನ್ನು ತಿರುವಿ ತಿರುವಿ ನೋಡಿದ. ಅರ್ತಿಂಗಿಗೆ ಜಾಗವೇ ಇಲ್ಲ. ಆದರೂ ಉಪ್ಪುನೀರನ್ನು ಜಗಲಿಯ ಬುಡಕ್ಕೆ ಹುಯ್ದ. ಸುಮ್ಮನೆ, ಸಮಾಧಾನಕ್ಕೆ.

ಗುಂಡಿ ತಿರುಗಿಸಿದರೆ ಗಾಜಿನೊಳಗೆ ಅಂಕಿಗಳು ಬೆಳಗಿಕೊಂಡು ಓಡುತ್ತಿದ್ದವು. ಸ್ಟೇಷನ್ನಿನ ಅಂಕಿಯನ್ನು ಶಶಿರೇಖ ಚೀಟಿಯಲ್ಲಿ ಬರೆದಿಟ್ಟಿದ್ದಳು. ಆ ಅಂಕಿಗೆ ತಂದು ಕಿವಿಗೊಟ್ಟ. ಏನಿಲ್ಲ. ಅಂಕಿ ಬರೆದಿರುವುದು ಒಂದು ಕಡೆ, ಸ್ಟೇಷನ್ ಕೂತಿರುವುದು ಇನ್ನೊಂದು ಕಡೆ, ಇದು ಅವನ ನಲವತ್ತು ವರ್ಷದ ಅನುಭವ. ಹಾಗಾಗಿ ಒಂದು ಕೂದಲೆಳೆ ಆಚೆಗೆ ಹೋದ. ಏನಿಲ್ಲ. ಈಚೆಗೆ ಬಂದ. ಏನಿಲ್ಲ. ಎಲ್ಲೂ ಒಂದು ಕ್ಷಣಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಕಿವಿಗೆ ಹಿಡಿದುಕೊಳ್ಳಲು ಏನೂ ಇಲ್ಲದ ಆ ಮೌನ ಅವನಿಗೆ ನಿಜವಾಗಿ ಹೆದರಿಕೆ ಹುಟ್ಟಿಸುತ್ತಿತ್ತು.

ನಾಲ್ಕಾಯಿತು. ನಾಲ್ಕು ದಾಟಿ ಎರಡು ನಿಮಿಷವಾಯಿತು. ದೂರದಲ್ಲಿ ಮಾರಿಕುಪ್ಪಂ ರೈಲು ಕೂಗಿಕೊಂಡು ಹೋಯಿತು. ಶಶಿರೇಖ ಜಗಲಿಯ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ವೆಂಕಟೇಶಪ್ಪ ಮತ್ತೆ ಚೀಟಿಯ ಅಂಕಿಗೆ ಬಂದ, ಮತ್ತೆ ದಾಟಿಸಲು ಹೊರಟ.

ಆಗ ಮುನಿನಾರಾಯಣಮ್ಮ ಎಡಗೈ ಚಾಚಿ ಅವನ ಮಣಿಕಟ್ಟು ಹಿಡಿದಳು.

ಕಳೆ ಕಿತ್ತು ಕಿತ್ತು ಗಟ್ಟಿಯಾದ ಕೈ. ಎಪ್ಪತ್ತೈದರಲ್ಲೂ ಅದರ ಬಿಗಿ ಹೋಗಿರಲಿಲ್ಲ. ಸಾಕು ಬಿಡು ಎನ್ನುತ್ತಿದ್ದಾಳೆ ಎಂದುಕೊಂಡ ವೆಂಕಟೇಶಪ್ಪನಿಗೆ ಕಣ್ಣು ತುಂಬಿ ಬಂತು. ಗುಂಡಿಯಿಂದ ಬೆರಳು ತೆಗೆದ.

"ಎಲ್ಡನೇ ಸಲನೂ ನಾನೇ ಕೆಡಿಸ್ದೆ ಕಣಕ್ಕ," ಎಂದ.

ಅವಳು ಕೈ ಬಿಡಲಿಲ್ಲ. ರೇಡಿಯೊ ಸುಮ್ಮನಿತ್ತು. ಏಳೋ ಎಂಟೋ ಉಸಿರು ಹೋಗಿರಬಹುದು.

"...ತಾಲ್ಲೂಕಿನ ಮುನಿನಾರಾಯಣಮ್ಮ ಮತ್ತು ಸಂಗಡಿಗರು," ಎಂದಿತು ರೇಡಿಯೊ.

ವೆಂಕಟೇಶಪ್ಪ ಬೆಚ್ಚಿ ಹಿಂದಕ್ಕೆ ತಿರುಗಿದ. ಬೆನ್ನ ಹಿಂದೆ ಯಾರೋ ಬಂದು ನಿಂತು ಮಾತಾಡಿದರೆಂದೇ ಅವನಿಗೆ ಅನ್ನಿಸಿತ್ತು. ಗೊರಗೊರ ಇಲ್ಲ, ಚಟಚಟ ಇಲ್ಲ, ಮದರಾಸು ಇಲ್ಲ. ಚೀಟಿಯ ಅಂಕಿಯೇ ಗಾಜಿನಲ್ಲಿ ಬೆಳಗುತ್ತಿತ್ತು. ಈ ಹೊಸ ರೇಡಿಯೊಗೆ ಒಂದೇ ಅಂಕಿಯ ಮೇಲೆ ನಿಂತು ಮಾತು ಕೂಡಿಸಿಕೊಳ್ಳಲು ಒಂದಿಷ್ಟು ಹೊತ್ತು ಬೇಕಿತ್ತು, ಅಷ್ಟೇ. ಅದನ್ನು ತಾನು ಒಂದು ಸಲವೂ ಕೊಟ್ಟಿರಲಿಲ್ಲವೆಂದು ಅವನಿಗೆ ಆಗ ಹೊಳೆಯಿತು.

ಪದ ಎದ್ದಿತು. ಅದಕ್ಕೆ ಮೊದಲು ಹಾಡುವವಳು ಎಳೆದುಕೊಂಡ ಉಸಿರು ಕೇಳಿಸಿತು. ರಾಗಿ ಪೈರಿನ ನಡುವೆ ಬಳೆಗಳು ಆಡಿದ್ದು ಕೇಳಿಸಿತು. ಎಲ್ಲೋ ಒಂದು ಕೂಸು ಕೆಮ್ಮಿತು. "ಬಗ್ಗಿದ ಬೆನ್ನಿಗೆ ಗಾಳಿಯಾಗಿ ಬಾರವ್ವ," ಎಂದು ನಲವತ್ತೈದರ ಮುನಿನಾರಾಯಣಮ್ಮ ತುಂಬಿದ ಗಂಟಲಿನಲ್ಲಿ ಕರೆದಳು, ಹತ್ತು ಹೆಂಗಸರು ಹಿಂದಿನಿಂದ ಓಗೊಟ್ಟರು. ವೆಂಕಟೇಶಪ್ಪ ಜೀವಮಾನವೆಲ್ಲ ರೇಡಿಯೊ ಕೇಳಿಯೂ ಹೀಗೆ ಕೇಳಿರಲಿಲ್ಲ. ಗಾಳಿಯಲ್ಲಿ ಇಷ್ಟೆಲ್ಲ ಬರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವನ ಮಣಿಕಟ್ಟನ್ನು ಬಿಟ್ಟ ಮುನಿನಾರಾಯಣಮ್ಮನ ಎಡಗೈ ಸೀರೆಯ ಮಡಿಲಿಗೆ ಹೋಗಿ ಏನನ್ನೋ ಕೀಳುತ್ತಿತ್ತು, ಪಕ್ಕಕ್ಕಿಡುತ್ತಿತ್ತು, ಮತ್ತೆ ಕೀಳುತ್ತಿತ್ತು.

ಪದ ಮುಗಿಯಿತು. ಹೊಲದ ಹೆಂಗಸರು ನಕ್ಕರು. ಟೇಪು ನಿಲ್ಲಿಸುವುದನ್ನು ಆವತ್ತು ಯಾರೋ ಮರೆತಿದ್ದರು. ಹಾಡಿನ ದನಿ ಬಿಟ್ಟು ಮನೆಯ ದನಿಯಲ್ಲಿ ಆವತ್ತಿನ ಮುನಿನಾರಾಯಣಮ್ಮ ಟೇಪು ಮಾಡುತ್ತಿದ್ದವರನ್ನು ಕೇಳಿದಳು.

"ಆಯ್ತಾ ಸಾಮಿ? ಇನ್ನೊಂದು ಪದ ಏಳ್ಲಾ?"

ಶಶಿರೇಖ ಕಂಬ ಬಿಟ್ಟು ರೇಡಿಯೊದ ಹತ್ತಿರ ಬಂದು ಕೂತಳು. ಮೂರು ವರ್ಷದಿಂದ ಅವಳು ಕೇಳಿರದ ತಾಯಿಯ ಮಾತು ಅದು.

"ಏಳವ್ವ," ಎಂದಳು ರೇಡಿಯೊಗೆ.

ರೇಡಿಯೊ ಸುಮ್ಮನಾಯಿತು. ವೆಂಕಟೇಶಪ್ಪ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಗುಂಡಿ ಮುಟ್ಟದೆ, ಕಾಯುತ್ತಾ ಕೂತ.