ಇಬ್ಬರು ಸಾಕ್ಷಿಗಳು

“ಹಿಮ್ಮಡಿ ಎತ್ತಿ ಹಿಡಿ, ನಾನು ಎಳೀತೀನಿ,” ಎಂದು ಆಕೆ ಮಗಳಿಗೆ ಹೇಳಿದಳು.

ಮಗಳು ಎತ್ತಿ ಹಿಡಿದಳು. ಕಾಲುಚೀಲ ಅರ್ಧ ಪಾದದವರೆಗೆ ಬಂದು ಅಲ್ಲೇ ನಿಂತಿತು. ಬೆಳಿಗ್ಗೆ ಎದ್ದರೆ ಒಂಟಿಕಾಲಿನಲ್ಲಿ ಕುಣಿಯುತ್ತಾ ಕಾಲುಚೀಲ ಏರಿಸಿಕೊಂಡು, ತಿಂಡಿ ಬಾಯಲ್ಲಿರುವಾಗಲೇ ಕೆಲಸಕ್ಕೆ ಓಡುತ್ತಿದ್ದ ಮನುಷ್ಯ ಈಗ ಯಾವ ಅವಸರವೂ ಇಲ್ಲದೆ ಮಲಗಿದ್ದ.

“ಬಿಡಮ್ಮ. ಹೂಳೋವಾಗ ಹೇಗೂ ಹೊದಿಕೆ ಇರುತ್ತೆ. ಯಾರು ನೋಡ್ತಾರೆ?”

“ಯಾರೂ ನೋಡದ ಜಾಗದ ಕೆಲಸಾನೇ ನಿಮ್ಮಪ್ಪ ಜೀವಮಾನವಿಡೀ ಮಾಡಿದ್ದು. ಎತ್ತಿ ಹಿಡಿ.”

ಅದು ನಿಜ. ಕಾರ್ಖಾನೆ, ಗೋಡೌನುಗಳ ಸೂರಿನಲ್ಲಿ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಪೈಪು ಹಾಕಿಸುವ ಗುತ್ತಿಗೆದಾರ ಅವನು. ಬಿಸಿ ತಗುಲಿದರೆ ಪೈಪಿನ ಮೂತಿಯಲ್ಲಿರುವ ಪುಟ್ಟ ಗಾಜಿನ ಗುಂಡು ಒಡೆಯಬೇಕು, ಒಡೆದರೆ ನೀರು ಸುರಿಯಬೇಕು. ಬೆಂಕಿ ಬೀಳದಿದ್ದರೆ ಆ ಕಡೆ ಯಾರೂ ಕತ್ತೆತ್ತಿ ನೋಡುವುದಿಲ್ಲ. ವಯಸ್ಸಾದ ಮೇಲೆ ಏಣಿ ಹತ್ತುವುದು ಬಿಟ್ಟು, ಅದೇ ಕಸುಬಿನವರಿಗೂ ವಿಮಾ ಕಂಪನಿಗಳಿಗೆ ನಷ್ಟ ಅಳೆಯುವ ಸರ್ವೇಯರುಗಳಿಗೂ ಪಾಠ ಹೇಳಲು ಹೋಗುತ್ತಿದ್ದ. ಅಂಥವರೇ ಈಗ ಹೊರಗಿನ ಕೋಣೆಯ ತುಂಬ ಕೂತಿದ್ದರು.

ಕಾಲುಚೀಲ ಕೊನೆಗೂ ಏರಿತು. ಮಗಳು ಕಿಟಕಿಯ ಬಳಿ ಹೋಗಿ ಕಣ್ಣೊರೆಸಿಕೊಂಡವಳು ಅಲ್ಲೇ ನಿಂತಳು.

“ಅಮ್ಮ, ಎದುರುಗಡೆ ಕಂಬದ ಹತ್ತಿರ ಯಾರೋ ವಯಸ್ಸಾದೋರು ನಿಂತಿದ್ದಾರೆ. ಆಗಲೇ ನೋಡಿದ್ದೆ, ಇನ್ನೂ ಅಲ್ಲೇ ಇದ್ದಾರೆ. ಒಳಗೂ ಬರ್ತಿಲ್ಲ, ಹೋಗ್ತಾನೂ ಇಲ್ಲ.”

ಆಕೆ ಬಂದು ನೋಡಿದಳು. ಕುತ್ತಿಗೆಗೆ ಮಫ್ಲರ್ ಸುತ್ತಿದ್ದ, ಬೆನ್ನು ಸ್ವಲ್ಪ ಬಾಗಿದ ಮನುಷ್ಯ. ಮುಖ ಬದಲಾಗಿತ್ತು. ಆದರೆ ಒಂದು ಕೈ ಸೊಂಟದ ಮೇಲಿಟ್ಟು ನಿಲ್ಲುವ ಆ ಗತ್ತು ಬದಲಾಗಿರಲಿಲ್ಲ.

“ದೊರೆ,” ಎಂದಳು ಮೆಲ್ಲಗೆ.

*

ಬಟ್ಟೆ ಗಿರಣಿಯ ಗೋಡೌನ್ ಕೀಪರ್ ಅವನು. ಸೊಂಟದಲ್ಲಿ ಬೀಗದ ಕೈ ಗೊಂಚಲು ಜೋಲಾಡಿಸಿಕೊಂಡು ರಾಜ್ಯವಾಳುವವನಂತೆ ಓಡಾಡುತ್ತಿದ್ದುದರಿಂದ ಅವಳ ಗಂಡ ಅವನಿಗೆ ದೊರೆ ಎಂದು ಹೆಸರಿಟ್ಟಿದ್ದ. ಅವನೇನು ಕಮ್ಮಿಯೇ? ಇವನನ್ನು ಮಳೆರಾಯ ಎಂದ. ಫೋನ್ ಎತ್ತಿದರೆ ಸಾಕು, “ಏನು ತಂಗಿ, ಮಳೆರಾಯ ಮನೇಲಿದ್ದಾನಾ, ಇಲ್ಲಾ ಬರೀ ಮೋಡಾನಾ?” ಎನ್ನುತ್ತಿದ್ದ.

ಭಾನುವಾರವೆಂದರೆ ಇಬ್ಬರಿಗೂ ಹರಟೆ. ತಟ್ಟೆ ಹಾಕಿ ಕರೆದರೂ ಏಳುತ್ತಿರಲಿಲ್ಲ. “ನಿಮ್ಮಿಬ್ಬರ ಮಾತು ಮುಗಿಯೋಷ್ಟರಲ್ಲಿ ನನ್ನ ಅಡಿಗೆ ಹಳಸುತ್ತೆ,” ಎಂದು ಆಕೆ ಗದರುತ್ತಿದ್ದಳು. ಒಳಗೊಳಗೇ ಹೊಟ್ಟೆಕಿಚ್ಚು. ತನ್ನೊಡನೆ ನಾಲ್ಕು ಮಾತಿಗೆ ಸುಸ್ತಾಗುವ ಗಂಡ ಅವನೊಡನೆ ಕೂತರೆ ಹೊತ್ತು ಮುಳುಗುವುದನ್ನೂ ಮರೆಯುತ್ತಿದ್ದ. ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದೂ ಆ ದಿನ ಮಾತ್ರ.

ಆಮೇಲೆ ಆ ಶುಕ್ರವಾರ ಬಂತು. ಗೋಡೌನಿನಲ್ಲಿ ಒಂದು ಸ್ಪ್ರಿಂಕ್ಲರ್ ಮೂತಿ ತೊಟ್ಟಿಕ್ಕುತ್ತಿತ್ತು. ಕೆಳಗೆ ಬಟ್ಟೆಯ ಗಂಟುಗಳು. ದೊರೆ ಫೋನ್ ಮಾಡಿದ. “ಸದ್ಯಕ್ಕೆ ಆ ಸಾಲಿನ ವಾಲ್ವ್ ಮುಚ್ಚು ಮಾರಾಯ. ಯಾರನ್ನಾದ್ರೂ ಕಾವಲಿಗೆ ನಿಲ್ಲಿಸು. ಬೆಳಿಗ್ಗೆ ಬಂದು ಮೂತಿ ಬದಲಾಯಿಸ್ತೀನಿ,” ಎಂದ ಗಂಡ. ಆಕೆ ಪಕ್ಕದಲ್ಲೇ ಇದ್ದಳು. ಅತ್ತ ಲಾರಿ ಬಂತು, ಲೋಡು ಇಳಿಸುವ ಗಡಿಬಿಡಿ. ಕಾವಲಿನ ಮಾತು ದೊರೆಯ ಕಿವಿಗೆ ಬಿತ್ತೋ ಇಲ್ಲವೋ, ಯಾರನ್ನೂ ನಿಲ್ಲಿಸಲಿಲ್ಲ. ಸಂಜೆ ವೈರು ಸುಟ್ಟು ಬೆಂಕಿ ಹತ್ತಿತು. ಗಾಜಿನ ಗುಂಡುಗಳು ಒಡೆಯಬೇಕಾದ ಹಾಗೆಯೇ ಒಡೆದವು, ನೀರು ಬರಲಿಲ್ಲ. ದೊರೆ ಹೊಗೆಯೊಳಗೆ ನುಗ್ಗಿ ವಾಲ್ವ್ ತಿರುಗಿಸಿದ. ಅಲ್ಲೇ ಬಿದ್ದವನನ್ನು ಹಮಾಲರು ಎಳೆದು ತಂದರು. ಪ್ರಾಣ ಉಳಿಯಿತು. ಗಂಟಲು, ಎದೆ ಮೊದಲಿನಂತಾಗಲಿಲ್ಲ.

ಆಸ್ಪತ್ರೆಗೆ ಹೊರಟ ಗಂಡನನ್ನು ಬಾಗಿಲಲ್ಲೇ ತಡೆದದ್ದು ವಿಮಾ ಕಂಪನಿಯ ವಕೀಲ. “ನಿಮ್ಮ ಹೊಣೆಗಾರಿಕೆ ವಿಮೆ ನಡೀಬೇಕೋ ಬೇಡವೋ? ಅಲ್ಲಿ ಹೋಗಿ ನಂದು ತಪ್ಪಾಯ್ತು ಅಂತ ಒಂದು ಮಾತು ಬಾಯಿಂದ ಬಿದ್ರೆ ಕಂಪನಿ ಕೈ ತೊಳ್ಕೊಳ್ಳುತ್ತೆ. ನಿಮ್ಮ ಕೆಲಸದ ಹುಡುಗರೆಲ್ಲ ಬೀದಿಗೆ ಬೀಳ್ತಾರೆ. ಆ ಕಡೆ ತಲೆ ಹಾಕಬೇಡಿ.”

ಗಂಡ ತಲೆ ಹಾಕಲಿಲ್ಲ. ಗಿರಣಿಯ ವಕೀಲರೂ ದೊರೆಗೆ ಹಾಗೇ ಹೇಳಿರಬೇಕು.

ಕೋರ್ಟಿನಲ್ಲಿ ಇಬ್ಬರೂ ಸಾಕ್ಷಿಗಳು, ಎದುರುಬದುರು ಪಕ್ಷದವರು. ವಾಲ್ವ್ ಮುಚ್ಚು ಅಂತ ಹೇಳಿದ್ದು ಅವನೇ ಎಂದ ದೊರೆ. ಕಾವಲು ಹಾಕು ಅಂತಲೂ ಹೇಳಿದ್ದೆ ಎಂದ ಇವನು. ಇಬ್ಬರೂ ಸುಳ್ಳು ಹೇಳಲಿಲ್ಲ. ಹೊರಗಿನ ಪಡಸಾಲೆಯಲ್ಲಿ ದೊರೆಗೆ ಕೆಮ್ಮು ಒತ್ತರಿಸಿ ಬಂತು. ಕೂತಲ್ಲೇ ಎರಡಾಗಿ ಬಾಗಿಬಿಟ್ಟ. ಅವಳ ಗಂಡ ಎದ್ದು ಲೋಟಕ್ಕೆ ನೀರು ಹಿಡಿದ. ವಕೀಲ ಅವನ ತೋಳು ಜಗ್ಗಿದ. ನೀರು ತುಂಬಿದ ಲೋಟವನ್ನು ಗಂಡ ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟುಬಿಟ್ಟ. ದೊರೆ ಅದನ್ನು ನೋಡಿದ. ಕುಡಿಯಲಿಲ್ಲ.

ಕೊನೆಗೆ ಗಿರಣಿಯೂ ವಿಮಾ ಕಂಪನಿಯೂ ರಾಜಿಯಾಗಿ ಕೈ ಕುಲುಕಿದವು. ಇವರಿಬ್ಬರು ಹಾಗೇ ಉಳಿದರು.

*

“ಅವನಾ?” ಎಂದರು ಭಾವ, ಗಂಡನ ಅಣ್ಣ. ಅಂತ್ಯಕ್ರಿಯೆಯ ಏರ್ಪಾಟೆಲ್ಲ ಅವರದೇ. ಕೈಗಡಿಯಾರದಿಂದ ಕಣ್ಣು ತೆಗೆಯುತ್ತಿರಲಿಲ್ಲ. “ಕಟಕಟೆ ಹತ್ತಿ ನನ್ನ ತಮ್ಮನ ಮೇಲೆ ಬೆರಳು ತೋರಿಸಿದೋನು. ಅಲ್ಲೇ ನಿಂತಿರಲಿ ಬಿಡು. ಗಾಡಿ ಬಂದಾಯ್ತು, ಸ್ಮಶಾನದಲ್ಲಿ ಗುಂಡಿ ತೋಡಿ ಕಾಯ್ತಿದ್ದಾರೆ.”

ಆಕೆ ಹೊರಗಿನ ಕೋಣೆಗೆ ನಡೆದಳು. ಗಂಡ ಇದ್ದಿದ್ದರೆ ಏನೆನ್ನುತ್ತಿದ್ದನೋ ಅವಳಿಗೇ ತಿಳಿಯದು. ಕೇಸು ಮುಗಿದ ಮೇಲೆ ಅವನು ಆ ಹೆಸರನ್ನೇ ಎತ್ತಿರಲಿಲ್ಲ. ಕೆಲವು ಭಾನುವಾರ ಮಾತ್ರ ಒಗೆದ ಅಂಗಿ ಹಾಕಿಕೊಂಡು ಬಸ್ಸು ಹತ್ತಿ ಹೋಗುತ್ತಿದ್ದ, ಬಾಡಿದ ಮುಖ ಹೊತ್ತು ಬೇಗನೆ ವಾಪಸಾಗುತ್ತಿದ್ದ. ಎಲ್ಲಿಗೆ ಹೋಗಿದ್ದಿರಿ ಎಂದರೆ, “ಇಲ್ಲೇ, ಗಾಳಿಗೆ.” ಆ ಗಾಳಿ ಯಾವ ಬೀದಿಯಲ್ಲಿ ಬೀಸುತ್ತದೆಂದು ಆಕೆಗೆ ಗೊತ್ತಿತ್ತು. “ನಾನೇ ಹೋಗಿ ಕರ್ಕೊಂಡು ಬರ್ಲಾ?” ಎಂದು ಒಮ್ಮೆ ಕೇಳಿದ್ದಳು. “ಬೇಡ. ಏನಂತ ಶುರು ಮಾಡೋದು?” ಎಂದು ಗೋಡೆಯ ಕಡೆ ಹೊರಳಿ ಮಲಗಿದ್ದ.

ಆ ಕೋಣೆಯ ಮೂಲೆಯಲ್ಲಿ ಕೂತಿದ್ದ ಹೆಂಗಸೊಬ್ಬಳು ಎದ್ದು ಹತ್ತಿರ ಬಂದಳು. ವಿಮಾ ಕಂಪನಿಯಲ್ಲಿ ಸರ್ವೇಯರ್, ಒಂದು ಕಾಲಕ್ಕೆ ಅವನ ವಿದ್ಯಾರ್ಥಿನಿ.

“ಅಮ್ಮ, ಸಾರ್ ಕ್ಲಾಸಿನಲ್ಲಿ ನಗಿಸಿ ನಗಿಸಿ ಸಾಕು ಮಾಡೋರು. ಒಂದು ಪಾಠಕ್ಕೆ ಮಾತ್ರ ನಗ್ತಿರಲಿಲ್ಲ.”

“ಯಾವುದು?”

“ಅನಾಹುತ ಆದ ಮೇಲೆ ಏನು ಮಾಡ್ಬೇಕು ಅನ್ನೋದು. ‘ಹೊಣೆ ಒಪ್ಕೋಬೇಡಿ, ಕಂಪನಿಗೆ ತಿಳಿಸಿ, ಅದು ಪಾಲಿಸಿಯ ಷರತ್ತು. ಆದರೆ ಪೆಟ್ಟಾದೋರನ್ನ ನೋಡೋಕೆ ಹೋಗಬೇಡಿ ಅಂತ ಯಾವ ಪಾಲಿಸೀಲೂ ಬರೆದಿಲ್ಲ. ಅವತ್ತೇ ಹೋಗಿ. ಬಾಯಿ ಮುಚ್ಕೊಂಡು ಪಕ್ಕದಲ್ಲಿ ಕೂತ್ಕೊಳ್ಳಿ. ಹೇಗಿದೀಯ ಅಂತ ಕೇಳೋದು ತಪ್ಪೊಪ್ಪಿಗೆ ಅಲ್ಲ’ ಅನ್ನೋರು. ಇಷ್ಟು ಹೇಳಿ ನಮ್ಮ ಕಡೆ ಬೆನ್ನು ಹಾಕಿ ಬೋರ್ಡ್ ಒರೆಸ್ತಾ ನಿಂತುಬಿಡೋರು. ಎಲ್ಲಾ ಅಳಿಸಿ ಹೋದ್ರೂ ಒರೆಸ್ತಾನೇ ಇರೋರು.”

ಆಕೆ ಸೆರಗಿನಿಂದ ಮುಖ ಒತ್ತಿಕೊಂಡಳು. ಆಮೇಲೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೆಟ್ಟಿಲಿಳಿದು ರಸ್ತೆ ದಾಟಿದಳು.

ದೊರೆ ಅವಳನ್ನು ಕಂಡು ಸೊಂಟದ ಮೇಲಿನ ಕೈ ಇಳಿಸಿದ.

“ಒಳಗೆ ಬನ್ನಿ ಅಣ್ಣ.”

“ಬೇಡ ತಂಗಿ. ಇಲ್ಲಿಂದಲೇ ನೋಡಿ ಹೋಗ್ತೀನಿ.” ದನಿ ಒಣಗಿದ ಎಲೆಯನ್ನು ನೆಲದ ಮೇಲೆ ಎಳೆದಂತಿತ್ತು. “ನಿಮ್ಮೋರಿಗೆಲ್ಲ ಕಸಿವಿಸಿ ಆಗುತ್ತೆ.”

“ಅಷ್ಟು ದೂರದಿಂದ ಬಂದು ಬೀದೀಲಿ ನಿಂತು ವಾಪಸ್ ಹೋಗೋದು ಅವರ ಚಾಳಿ. ನೀವೂ ಅದನ್ನೇ ಕಲಿತ್ರಾ?”

ಅವನು ಮಫ್ಲರ್ ಸಡಿಲಿಸಿಕೊಂಡ.

“ಗೊತ್ತು. ಒಂದು ಸಲ ಕಂಡಿದ್ದೆ. ಮಹಡಿ ಮೇಲೆ ಬಟ್ಟೆ ಒಣಗಿಸ್ತಿದ್ದೆ. ಕೆಳಗೆ ತಿರುವಿನಲ್ಲಿ ನಿಂತಿದ್ದ, ನಮ್ಮನೆ ಬಾಗಿಲನ್ನೇ ನೋಡ್ತಾ. ಕೂಗಿದೆ ತಂಗಿ. ಪ್ರಾಣ ಹೋಗೋ ಹಾಗೆ ಕೂಗಿದೆ. ಹೊಗೆ ಕುಡಿದ ಗಂಟಲು, ದನೀನೇ ಹೊರಡಲಿಲ್ಲ. ಬರೀ ಕೆಮ್ಮು. ಬಿದ್ದು ಎದ್ದು ಮೆಟ್ಟಿಲಿಳಿದು ಬರೋಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು.”

“ಫೋನ್ ಮಾಡಬಹುದಿತ್ತಲ್ಲ ಅಣ್ಣ...”

“ಮುಂದಿನ ಭಾನುವಾರ ಬಂದೇ ಬರ್ತಾನೆ, ಕೆಳಗೇ ಕೂತು ಹಿಡೀತೀನಿ ಅಂದ್ಕೊಂಡೆ. ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಕೂತೆ. ಆ ಭಾನುವಾರ ಬರಲಿಲ್ಲ. ಆಮೇಲೂ ಬರಲಿಲ್ಲ.”

ಅಷ್ಟು ಹೊತ್ತಿಗೆ ಗಂಡನ ಕಾಲಿನ ಶಕ್ತಿ ಉಡುಗಿತ್ತು, ಮನೆಯ ಮೆಟ್ಟಿಲು ಇಳಿಯುವುದೂ ಆಗುತ್ತಿರಲಿಲ್ಲ. ಆಕೆ ದೊರೆಯ ಹತ್ತಿರ ಸರಿದಳು. ಅವನ ತೋಳು ಹಿಡಿದುಕೊಂಡಳು. ಅವನು ಬಂದ.

ಹೊರಗಿನ ಕೋಣೆಯಲ್ಲಿ ಗುಜುಗುಜು ನಿಂತಿತು. ಪೈಪು ಕೆಲಸದವರಲ್ಲಿ ಹಳಬರು ಎದ್ದು ದಾರಿ ಬಿಟ್ಟರು. ಭಾವ ಮಾತ್ರ ಮುಖ ಗಂಟಿಕ್ಕಿಕೊಂಡು, “ಬೇಗ ನೋಡಿ ಹೊರಗೆ ಬರಲಿ, ಎತ್ತಬೇಕು,” ಎಂದರು.

ಆಕೆ ದೊರೆಯನ್ನು ಒಳಕೋಣೆಗೆ ಕರೆದೊಯ್ದು ತಾನು ಕೂತಿದ್ದ ಕುರ್ಚಿಯನ್ನು ಗಂಡನ ತಲೆಯ ಬಳಿಗೆ ಎಳೆದಳು. ನೀರಿನ ತಂಬಿಗೆಯನ್ನು ಕೈಗೆಟಕುವಂತೆ ಇಟ್ಟಳು. ಮಗಳನ್ನು ಕಣ್ಣಲ್ಲೇ ಹೊರಗೆ ಕಳಿಸಿದಳು.

“ಮಾತಾಡಿ ಅಣ್ಣ,” ಎಂದಳು. “ಅವಸರ ಇಲ್ಲ.”

ಹೊರಗೆ ಬಂದು ಬಾಗಿಲೆಳೆದು ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಕುರ್ಚಿ ಕಿರುಗುಟ್ಟಿತು. ಕೆಮ್ಮು, ತಂಬಿಗೆ ಎತ್ತಿಟ್ಟ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಆ ಒಣ ದನಿ ಶುರುವಾಯಿತು. ಮಾತು ಬಿಡಿಬಿಡಿಯಾಗಿ ತಿಳಿಯುತ್ತಿರಲಿಲ್ಲ, ಏರಿಳಿತ ಮಾತ್ರ. ಒಂದಿಷ್ಟು ಹೇಳಿ ನಿಲ್ಲುತ್ತಿತ್ತು, ಎದುರಿಗಿದ್ದವನು ಉತ್ತರ ಕೊಡಲೆಂದು ಕಾಯುವ ಹಾಗೆ, ಮತ್ತೆ ಮುಂದುವರಿಯುತ್ತಿತ್ತು. ಯಾವುದೋ ಮಾತಿಗೆ ಒಂದು ನಗೆಯೂ ಕೇಳಿಸಿತು.

ಭಾವ ಗಡಿಯಾರ ನೋಡಿಕೊಂಡು ಬಾಗಿಲು ಬಡಿಯಲು ಕೈ ಎತ್ತಿದರು. ಆಕೆ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು. ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ಅವರಿಗೆ ಎದುರಾಡಿದವಳಲ್ಲ. ಹಿಡಿದ ಕೈಯನ್ನು ಬಿಡಲೂ ಇಲ್ಲ.

ಹೊರಗೆ ರಸ್ತೆಯಲ್ಲಿ ಚಾಲಕ ಗಾಡಿಯ ಎಂಜಿನ್ ಆರಿಸಿದ.