ಸಿನಿಮಾದವಳ ಬಗ್ಗೆ ಮಾತ್ರ

ನಮ್ಮ ಶೆರಿನೆಯಲ್ಲಿ ಒಂದು ಕಟ್ಟಳೆ ಇದೆ. ಸಿನಿಮಾ ಮುಗಿದ ಮೇಲೆ ಸಿನಿಮಾದಲ್ಲಿರುವವರ ಬಗ್ಗೆ ಮಾತ್ರ ಮಾತಾಡಬೇಕು. ಯಾರೂ ತಮ್ಮ ಮನೆಯ ಸುದ್ದಿ ಎತ್ತಬಾರದು. ಎತ್ತಿದವರು ಆ ದಿನದ ಪಾತ್ರೆಯನ್ನೆಲ್ಲ ತೊಳೆಯಬೇಕು.

ಬಿಷ್ಕೆಕ್‌ನಲ್ಲಿ ಶೆರಿನೆ ಇಲ್ಲದ ಹೆಂಗಸರು ಕಡಿಮೆ. ಜೊತೆಯಲ್ಲಿ ಓದಿದವರೋ ಒಂದೇ ಕಡೆ ದುಡಿದವರೋ ತಿಂಗಳಿಗೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಉಣ್ಣುತ್ತಾರೆ. ಅಮ್ಮನ ಶೆರಿನೆಯೂ ಹಾಗೆಯೇ ಇತ್ತು: ಊಟ, ಸೊಸೆಯರ ಮೇಲೆ ದೂರು, ಮತ್ತೆ ಊಟ. ಒಂದು ಸಲ ಯಾರದೋ ಸೊಸೆಯ ಮಾತು ಬೆಳೆದು ದೊಡ್ಡ ಜಗಳವಾಗಿ, ಇಬ್ಬರು ಎದ್ದುಹೋದವರು ಮತ್ತೆ ಬರಲಿಲ್ಲ. ಉಳಿದವರು ಮೂವರು. ನನ್ನ ಅಮ್ಮ ಕಲಿಪಾ, ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಜೂರಾ, ಬಜಾರಿನಲ್ಲಿ ಬಟ್ಟೆ ಮಾರುವ ಚಿನಾರಾ. ಇನ್ನು ಮೇಲೆ ಮಾತು ಬೇಡ, ಸಿನಿಮಾ ನೋಡೋಣ ಎಂದು ಅವರೇ ತೀರ್ಮಾನಿಸಿದರು. ಟಿವಿಗೆ ಲ್ಯಾಪ್‌ಟಾಪ್ ಜೋಡಿಸಲು ನನ್ನನ್ನು ಕರೆದರು. ನಾನೂ ಅಲ್ಲಿಯೇ ಉಳಿದೆ. ಜೂರಾ, ಚಿನಾರಾ ಇಬ್ಬರೂ ನನಗೆ ಎಜೆ, ಎಂದರೆ ಅಕ್ಕ; ಅಮ್ಮನನ್ನು ಅಪಾ ಎಂದು ಕರೆಯುತ್ತೇನೆ. ಅಮ್ಮನೂ ನಾನೂ ಒಂದೇ ಮನೆಯಲ್ಲಿದ್ದರೂ ಈಗ ನಮ್ಮ ಸರದಿ ಬೇರೆ ಬೇರೆ.

ಯಾರ ಸರದಿಯೋ ಅವರದೇ ಸಿನಿಮಾ. ಉಳಿದವರು ನೋಡಿರಬಾರದು, ಹೆಸರು ಕೇಳಿರದಿದ್ದರೆ ಇನ್ನೂ ಒಳ್ಳೆಯದು. ಅದನ್ನು ನಿಮಗೆ ಯಾರು ಹೇಳಿದರು ಎಂಬುದನ್ನು ಮಾತ್ರ ಮೊದಲೇ ತಿಳಿಸಬೇಕು.

ಫೆಬ್ರವರಿಯಲ್ಲಿ ನನ್ನ ಸರದಿ ಬಂದಾಗ ನಾನು ಸುಳ್ಳು ಹೇಳಿದೆ.

ನಾನು ಪಠ್ಯಪುಸ್ತಕ ಅಚ್ಚುಹಾಕುವ ಕಡೆ ಕರಡು ತಿದ್ದುವವಳು. ಬೇರೆಯವರ ತಪ್ಪು ಹುಡುಕಿ ಹುಡುಕಿ, ನನ್ನ ಮಾತನ್ನೂ ಆಡುವ ಮೊದಲು ಮನಸ್ಸಿನಲ್ಲೇ ತಿದ್ದುವ ಚಾಳಿ ಬಂದುಬಿಟ್ಟಿದೆ. ಫೋನಿನಲ್ಲಿ ನಾನು ಸೇರಿರುವ ಒಂದು ಗುಂಪಿದೆ. ಹೆಚ್ಚು ಜನ ನೋಡದ, ಆದರೆ ತಮ್ಮನ್ನು ಅಳಿಸಿದ ಸಿನಿಮಾಗಳ ಹೆಸರನ್ನು ಅಲ್ಲಿ ಒಬ್ಬರಿಗೊಬ್ಬರು ಹೇಳುತ್ತಾರೆ. ಓಶ್‌ನ ಹಲ್ಲಿನ ಡಾಕ್ಟರೊಬ್ಬರು ಯುದ್ಧದ ಸಿನಿಮಾ ಬಿಟ್ಟು ಬೇರೇನೂ ಹೇಳುವುದಿಲ್ಲ. ಅಲ್ಮಾಟಿಯ ಹುಡುಗಿಯೊಬ್ಬಳಿಗೆ ಕೊನೆಯಲ್ಲಿ ಕುದುರೆ ಸತ್ತರೇ ಸಮಾಧಾನ. ಕರಕೋಲ್‌ನ ಕುಬಾತ್ ತಿಂಗಳಿಗೆ ಒಂದೇ ಹೆಸರು ಹಾಕುತ್ತಿದ್ದ. ಅದನ್ನು ನೋಡಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗುತ್ತಿರಲಿಲ್ಲ.

ಕುಬಾತ್ ಆಸ್ಪತ್ರೆಗಳ ಎಕ್ಸ್‌ರೇ ಯಂತ್ರ ರಿಪೇರಿ ಮಾಡುವವನು. ಹೆಂಡತಿ ತೀರಿಕೊಂಡಿದ್ದಾಳೆ, ಸೆಜಿಮ್ ಎಂಬ ಶಾಲೆಗೆ ಹೋಗುವ ಮಗಳಿದ್ದಾಳೆ. ಮೊದಲು ನಾವು ಸಿನಿಮಾದ ಬಗ್ಗೆ ಮಾತ್ರ ಬರೆದುಕೊಳ್ಳುತ್ತಿದ್ದೆವು, ನಮಗೂ ಶೆರಿನೆಯ ಕಟ್ಟಳೆ ಇದ್ದ ಹಾಗೆ. ಆಮೇಲೆ ಬಿಡಿಭಾಗ ಕೊಳ್ಳಲು ಬಿಷ್ಕೆಕ್‌ಗೆ ಬಂದಾಗಲೆಲ್ಲ ನನ್ನನ್ನು ಕಂಡು ಹೋಗತೊಡಗಿದ. ಚಳಿಗಾಲ ಶುರುವಾದಾಗ ಮದುವೆಯಾಗೋಣವೇ ಎಂದು ನೇರವಾಗಿ ಕೇಳಿದ. ನಾನು ಒಪ್ಪಿದೆ.

"ಮಾರ್ಚ್‌ನ ನೊರುಜ್ ಹಬ್ಬ ಕಳೀಲಿ, ನಮ್ಮ ಸೋದರತ್ತೆ ನಿಮ್ಮನೆಗೆ ಬಂದು ನಿನ್ ಕಿವಿಗೆ ಓಲೆ ಹಾಕ್ತಾರಂತೆ," ಎಂದ ಜನವರಿಯಲ್ಲಿ ಬಂದಾಗ. "ಅಮ್ಮಂಗೆ ಹೇಳಿದೀಯಾ?"

"ಹೇಳ್ತೀನಿ."

"ಹೋದ ತಿಂಗಳೂ ಇದನ್ನೇ ಹೇಳ್ದೆ."

ಓಲೆ ಹಾಕಿದರೆ ಮದುವೆ ನಿಶ್ಚಯವಾದಂತೆ. ಏನೂ ತಿಳಿಯದ ಅಮ್ಮನ ಎದುರಿಗೆ ಆ ಅತ್ತೆ ಓಲೆಯ ಡಬ್ಬಿ ಹಿಡಿದು ನಿಂತರೆ ಎರಡು ಮನೆಗೂ ಅವಮಾನ. ಅದು ತಿಳಿದೂ ಹೇಳಲು ನನಗೆ ಬಾಯಿ ಬರಲಿಲ್ಲ. ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ, ಅಮ್ಮನಿಗೆ ಮೂವತ್ತು. ಮತ್ತೆ ಮದುವೆಯಾಗಲಿಲ್ಲ. ಹೊಲಿಗೆ ಮಾಡಿ ನನ್ನನ್ನು ಓದಿಸಿದಳು. ನನ್ನ ಮೊದಲ ಮದುವೆ ಮುರಿದು ನಾನು ಒಂದು ಚೀಲ ಹಿಡಿದು ವಾಪಸು ಬಂದ ದಿನ ಒಂದು ಪ್ರಶ್ನೆಯನ್ನೂ ಕೇಳದೆ ಬಾಗಿಲು ತೆಗೆದಳು. ಅಂಥವಳಿಗೆ, ನಾನು ಸರೋವರದ ಆಚೆ ತುದಿಯ ಕರಕೋಲ್‌ಗೆ ಹೊರಟೆ ಎಂದು ಹೇಗೆ ಹೇಳುವುದು? ವಾಕ್ಯವನ್ನು ಎಷ್ಟು ತಿದ್ದಿದರೂ ಸರಿಹೋಗಲಿಲ್ಲ. ಅದಕ್ಕೇ ಒಂದು ಸಿನಿಮಾ ಆರಿಸಿದೆ.

ಕುಬಾತ್ ಹೇಳಿದ್ದ ಕಪ್ಪು ಬಿಳುಪು ಸಿನಿಮಾ ಅದು, ಹೆಸರು 'ಮೇಲಿನ ಠಾಣೆ'. ಜಾರ್ಜಿಯಾದ ಬೆಟ್ಟದ ತುದಿಯಲ್ಲಿ ಹವಾಮಾನ ಅಳೆಯುವ ಒಂದು ಠಾಣೆ. ಅಲ್ಲಿ ತಾಯಿ, ಮಗಳು ಇಬ್ಬರೇ. ದಾರಿ ಅಳೆಯಲು ಬಂದ ಸರ್ವೆಯವನನ್ನು ಮಗಳು ಮೆಚ್ಚುತ್ತಾಳೆ. ಕೊನೆಗೆ ಒಂದು ಬೆಳಗ್ಗೆ ಅವನ ಕುದುರೆಯ ಹಿಂದೆ ನಡೆದು ಬೆಟ್ಟ ಇಳಿಯುತ್ತಾಳೆ. ಆಫೀಸಿನಲ್ಲಿ ಒಬ್ಬಳೇ ಕೂತು ನೋಡಿದಾಗ, ಅವಳು ಇಳಿಯುವ ಆ ದೃಶ್ಯಕ್ಕೆ ನನ್ನ ಎದೆ ಹಗುರಾಗಿತ್ತು. ಅಮ್ಮನಿಗೂ ಹಾಗೇ ಆಗುತ್ತದೆ ಎಂದುಕೊಂಡೆ.

"ಯಾರೇ ಹೇಳಿದ್ದು ಇದನ್ನ?" ಬೋರ್ಸೋಕ್ ತಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಾ ಜೂರಾ ಎಜೆ ಕೇಳಿದಳು. ಆಗಷ್ಟೇ ಕರಿದ ಹಿಟ್ಟಿನ ಬಿಲ್ಲೆಗಳಿಂದ ಹಬೆ ಏಳುತ್ತಿತ್ತು.

"ಆಫೀಸ್ನಲ್ಲಿ ಒಬ್ರು," ಎಂದೆ.

ಅಮ್ಮ ನನ್ನ ಕಡೆ ಒಮ್ಮೆ ನೋಡಿ ಕಿಟಕಿಯ ಪರದೆ ಎಳೆದಳು.

ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ ಪ್ರತಿ. ತಾಯಿ, ಮಗಳು, ಸರ್ವೆಯವನು, ಎಲ್ಲರ ಮಾತನ್ನೂ ಒಬ್ಬನೇ ಗಂಡಸು ನೆಗಡಿಯ ದನಿಯಲ್ಲಿ ರಷ್ಯನ್‌ಗೆ ಅನುವಾದಿಸುತ್ತಾ ಹೋಗುತ್ತಾನೆ.

"ಇವನ್ಯಾರೇ, ರೈಲು ಬರೋ ಹೊತ್ತು ಹೇಳ್ದಂಗೆ ಪ್ರೀತಿ ಹೇಳ್ತಾನೆ!" ಎಂದಳು ಚಿನಾರಾ ಎಜೆ.

"ನಮ್ಮನೇರು ಅಷ್ಟೂ ಹೇಳ್ಲಿಲ್ಲ," ಎಂದಳು ಜೂರಾ ಎಜೆ.

"ಪಾತ್ರೆ! ಪಾತ್ರೆ!"

"ಸಿನಿಮಾ ಇನ್ನೂ ಮುಗ್ದಿಲ್ಲ ಕಣೇ, ಲೆಕ್ಕಕ್ಕಿಲ್ಲ. ಅಬ್ಬಾ, ಏನ್ ಹಿಮ! ಕಲಿಪಾ, ನಿನ್ ಮಗಳು ಸಿನಿಮಾ ತೋರಿಸ್ತಾಳೋ ನೆಗಡಿ ಬರಿಸ್ತಾಳೋ?"

ನಾನು ಟಿವಿ ನೋಡಲಿಲ್ಲ, ಅಮ್ಮನ ಮುಖ ನೋಡುತ್ತಿದ್ದೆ. ಮಗಳು ಬೆಟ್ಟ ಇಳಿಯುವಾಗ ಅಮ್ಮನ ಕಣ್ಣು ತುಂಬಿತು. ಗೆದ್ದೆ ಎಂದುಕೊಂಡು ಟಿವಿಯ ಕಡೆ ತಿರುಗಿದೆ. ಅಲ್ಲಿ ಮಗಳು ಇರಲೇ ಇಲ್ಲ. ಕ್ಯಾಮೆರಾ ಠಾಣೆಯ ಒಳಗೇ ಉಳಿದಿತ್ತು. ತಾಯಿ ಎರಡು ಬಟ್ಟಲು ತೆಗೆದಿಟ್ಟು, ಒಂದನ್ನು ಮತ್ತೆ ಕಪಾಟಿಗೆ ಸೇರಿಸಿ, ಗಾಳಿಯ ವೇಗ ಓದಲು ಹೊರಗೆ ಹೋದಳು. ಬೆಟ್ಟ ಇಳಿಯುವ ಮಗಳು ಕಿಟಕಿಯಲ್ಲಿ ಬೆರಳುದ್ದ ಕಾಣುತ್ತಿದ್ದಳು, ಅಷ್ಟೇ. ಮೊದಲ ಸಲ ನೋಡಿದಾಗ ನಾನು ಕಿಟಕಿಯನ್ನು ಮಾತ್ರ ನೋಡಿದ್ದೆ.

"ಪಾಪ, ಆ ತಾಯಿ," ಎಂದಳು ಜೂರಾ ಎಜೆ ಮೂಗು ಒರೆಸಿಕೊಳ್ಳುತ್ತಾ. "ಕಲ್ಲಿನಂಥ ಹುಡುಗಿ."

"ಆ ಹುಡುಗೀಗೂ ಒಂದು ಬದುಕು ಬೇಡ್ವಾ ಎಜೆ?" ಎಂದೆ ನಾನು.

"ಬದುಕು ಬೇಕಮ್ಮ. ಬಾಯಿ ಏನಾಗಿತ್ತು ಅವ್ಳಿಗೆ? ಅಮ್ಮಾ ಹೋಗ್ತೀನಿ ಅನ್ನೋಕೆ?"

ಅವರಿಬ್ಬರೂ ಹೊರಟ ಮೇಲೆ ಅಮ್ಮ ಟೀ ಬಟ್ಟಲುಗಳನ್ನು ಎತ್ತುತ್ತಾ ಕೇಳಿದಳು, "ಯಾರು ಹೇಳಿದ್ದು ಅಂದೆ ಈ ಸಿನಿಮಾನ?"

"ಆಫೀಸ್ನಲ್ಲಿ, ಅಪಾ."

"ಹೂಂ. ನಿಮ್ಮ ಆಫೀಸ್ನೋರಿಗೆ ಬೆಟ್ಟದ ಮೇಲೆ ಇಷ್ಟು ಪ್ರೀತಿ ಅಂತ ಗೊತ್ತಿರ್ಲಿಲ್ಲ."

ಮುಂದಿನ ಶೆರಿನೆ ಮಾರ್ಚ್ ಮೊದಲ ಭಾನುವಾರ, ಅಮ್ಮನ ಸರದಿ. ಅಮ್ಮ ಯಾವಾಗಲೂ ಹಾಡು, ಕುಣಿತ ಇರುವ ಸಿನಿಮಾ ಆರಿಸುವವಳು. ಈ ಸಲ ಒಂದು ಹೆಸರನ್ನು ಬಟ್ಟೆಯ ಚೂರಿನ ಮೇಲೆ ಹೊಲಿಗೆಯ ಸೀಮೆಸುಣ್ಣದಿಂದ ಬರೆದು ನನ್ನ ಮುಂದಿಟ್ಟಳು. 'ನೀರಿನ ನಿಲ್ದಾಣ'. ಹುಡುಕಲು ನನಗೆ ಎರಡು ವಾರ ಹಿಡಿಯಿತು. ಗುಂಪಿನಲ್ಲಿ ಕೇಳಿದರೆ ಓಶ್‌ನ ಡಾಕ್ಟರ ಹತ್ತಿರ ಸಿಕ್ಕಿತು. ಅಷ್ಟರಲ್ಲಿ ಕುಬಾತ್‌ನಿಂದ ಸಂದೇಶಗಳು ಬರುವುದು ಕಡಿಮೆಯಾಗಿತ್ತು. 'ಅತ್ತೆ ಓಲೆ ಕೊಂಡಾಯ್ತು. ನಾನು ಅವರಿಗೆ ಏನು ಹೇಳಲಿ?' ಎಂಬುದು ಕೊನೆಯದು. ಅದಕ್ಕೆ ನಾನು ಉತ್ತರ ಬರೆದಿರಲಿಲ್ಲ.

"ಇದನ್ನ ನನಗೆ ಯಾರೂ ಹೇಳ್ಲಿಲ್ಲ," ಎಂದಳು ಅಮ್ಮ ಆ ಭಾನುವಾರ. "ಹಿಂದೆ ಟಾಕೀಸ್‌ಗೆ ಒಬ್ಳೇ ಹೋಗಿ ನೋಡಿದ್ದು."

"ಒಬ್ಳೇ?" ಚಿನಾರಾ ಎಜೆ ಹುಬ್ಬೇರಿಸಿದಳು.

"ಹೌದು. ಟಾಕೀಸ್ನಲ್ಲೂ ನಾನೊಬ್ಳೇ ಇದ್ದೆ ಅನ್ಸುತ್ತೆ. ಅಷ್ಟು ಚೆನ್ನಾಗಿ ಓಡ್ತು."

ಕಝಾಕ್ ಬಯಲಿನ ಒಂದು ಸಣ್ಣ ನಿಲ್ದಾಣ. ಉಗಿ ಎಂಜಿನ್‌ಗೆ ನೀರು ತುಂಬುವಷ್ಟು ಹೊತ್ತು ರೈಲು ಅಲ್ಲಿ ನಿಲ್ಲುತ್ತದೆ. ಕ್ಯಾಂಟೀನ್ ನಡೆಸುವವಳು ಚಿಕ್ಕ ಮಗಳಿರುವ ವಿಧವೆ. ಎಂಜಿನ್ ಡ್ರೈವರ್ ಪ್ರತಿ ವಾರ ಇಳಿದು ಬಂದು ಟೀ ಕುಡಿಯುತ್ತಾನೆ, ಪ್ರತಿ ವಾರ ನನ್ನ ಜೊತೆ ಬರುತ್ತೀಯಾ ಎಂದು ಕೇಳುತ್ತಾನೆ. ಅವಳು ಮಗುವಿನ ಕಡೆ ನೋಡಿ ಇಲ್ಲವೆಂದು ತಲೆಯಾಡಿಸುತ್ತಾಳೆ. ವರ್ಷಗಳು ಹೋಗುತ್ತವೆ. ನೀರು ಬೇಡದ ಎಂಜಿನ್ ಬರುತ್ತದೆ. ರೈಲು ನಿಲ್ಲದೆ ಹೋಗುತ್ತದೆ.

ನನಗೆ ಕೂರಲಾಗಲಿಲ್ಲ. ನನಗೆ ಕೊಟ್ಟ ಉತ್ತರ ಇದು ಎಂದುಕೊಂಡೆ. ನಿನಗಾಗಿ ನಾನು ಏನು ಬಿಟ್ಟೆ ನೋಡು ಎಂದು ಅಮ್ಮ ಹೇಳುತ್ತಿದ್ದಾಳೆ. ಕೈಯಲ್ಲಿದ್ದ ಟೀ ಆರಿಹೋಯಿತು.

"ತ್ಯಾಗಮಯಿ," ಎಂದು ಜೂರಾ ಎಜೆ ನಿಟ್ಟುಸಿರು ಬಿಟ್ಟಳು. "ಮಗೂಗೋಸ್ಕರ ಜೀವನಾನೇ ಕೊಟ್ಳು."

"ಏನ್ ಕೊಟ್ಳು?" ಎಂದಳು ಅಮ್ಮ. "ಆ ಮಗು ಕೇಳಿತ್ತಾ? ಅವ್ಳಿಗೆ ಹೆದರಿಕೆ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಅತ್ತೆ ಮನೆ. ಚಳಿಗೆ ಕೋಟು ಎಳ್ಕೊಂಡ ಹಾಗೆ ಮಗೂನ ಮುಂದೆ ಎಳ್ಕೊಂಡ್ಳು. ಆಮೇಲೆ ಇಡೀ ಊರು ತ್ಯಾಗ ತ್ಯಾಗ ಅಂತು, ಇವ್ಳೂ ಸುಮ್ನೆ ಒಪ್ಕೊಂಡ್ಳು."

ಚಿನಾರಾ ಎಜೆ ನಿಧಾನವಾಗಿ ಕೇಳಿದಳು, "ಸಿನಿಮಾದವಳ ಬಗ್ಗೆ ತಾನೇ ನೀನು ಹೇಳ್ತಿರೋದು?"

"ಇನ್ಯಾರ ಬಗ್ಗೆ? ನನಗೆ ಪಾತ್ರೆ ತೊಳ್ಯೋ ಆಸೆ ಇಲ್ಲ." ಅಮ್ಮ ಬಟ್ಟಲಿಗೆ ಟೀ ಬಗ್ಗಿಸಿಕೊಂಡಳು. "ಹೋದ ತಿಂಗಳ ಆ ಬೆಟ್ಟದ ಹುಡುಗಿ ಇದ್ಳಲ್ಲ, ಅವ್ಳೂ ಅಷ್ಟೇ. ತಾಯಿಗೆ ನೋವಾಗುತ್ತೆ ಅಂತ ಬಾಯಿ ಮುಚ್ಕೊಂಡಿದ್ಲಂತೆ. ನೋವಲ್ಲ, ಹೆದರಿಕೆ. ಹೇಳಿದ್ರೆ ಆ ತಾಯಿ ದಾರಿಗೆ ರೊಟ್ಟಿನಾದ್ರೂ ಕಟ್ಕೊಡ್ತಿದ್ಲು."

ನಾನು ಬಟ್ಟಲನ್ನು ಕೆಳಗಿಟ್ಟೆ. ಈ ಸಲ ವಾಕ್ಯವನ್ನು ತಿದ್ದಲಿಲ್ಲ.

"ಅಪಾ, ಅವನ ಹೆಸರು ಕುಬಾತ್. ಕರಕೋಲ್‌ನವನು. ನೊರುಜ್ ಆದ ಮೇಲೆ ಅವನ ಸೋದರತ್ತೆ ಓಲೆ ತರ್ತಾರೆ."

ಜೂರಾ ಎಜೆಯ ಬಾಯಿಯಲ್ಲಿದ್ದ ಬೋರ್ಸೋಕ್ ಹಾಗೇ ನಿಂತಿತು. ಅದನ್ನು ನುಂಗಿ ಮೊದಲು ಅವಳೇ ಹೇಳಿದಳು, "ಪಾತ್ರೆ."

ಇಬ್ಬರೂ ಆ ದಿನ ಬೇಗ ಹೊರಟರು. ಹೋಗುವಾಗ ಚಿನಾರಾ ಎಜೆ ನನ್ನ ಕಿವಿ ಮುಟ್ಟಿ, "ಚಿನ್ನದ್ದೇ ಆಗ್ಲಿ, ಬೆಳ್ಳಿ ತಂದ್ರೆ ವಾಪಸ್ ಕಳ್ಸು," ಎಂದಳು.

ನಾನು ಪಾತ್ರೆ ತೊಳೆದೆ. ಅಮ್ಮ ಒರೆಸಲು ಬರಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಾ ಪ್ರಶ್ನೆ ಕೇಳಿದಳು. ಏನು ಕೆಲಸ, ಕುಡಿಯುತ್ತಾನೋ, ಅವನ ಮಗಳನ್ನು ಈಗ ಯಾರು ನೋಡಿಕೊಳ್ಳುತ್ತಾರೆ, ಚಳಿಗಾಲದಲ್ಲಿ ರಸ್ತೆ ತೆರೆದಿರುತ್ತದೋ. ನನಗೆ ಒಂದು ಮಾತನ್ನೂ ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ಆ ಬೆಟ್ಟದ ಸಿನಿಮಾ ಹೇಳಿದ್ದು ಅವ್ನೇನಾ?"

"ಹೌದು."

"ನಿನಗೆ ತಾಯಿ ಇದ್ದಾಳೆ ಅಂತ ಗೊತ್ತಿದ್ದೇ ಹೇಳಿದ್ನಾ?"

"ಅವನು ಅದನ್ನ ಆ ತಾಯಿಗೋಸ್ಕರಾನೇ ಹೇಳಿದ್ದು ಅಪಾ. ಬಟ್ಟಲು ಒಳಗಿಡೋ ದೃಶ್ಯ ನೋಡು ಅಂತ ಬರೆದಿದ್ದ. ನಾನು ಮಗಳನ್ನ ನೋಡ್ದೆ."

ಅಮ್ಮ ದಾರ ಕಚ್ಚಿ ಕತ್ತರಿಸಿದಳು. "ನನ್ನ ಸಿನಿಮಾ ಅವನಿಗೆ ಕಳ್ಸು. ನೋಡಿ ಏನಂತಾನೆ ಕೇಳು. ಆಮೇಲೆ ಅತ್ತೆ ವಿಷಯ."

ಕಳಿಸಿದೆ. ಜೊತೆಗೆ ಒಂದು ಮಾತನ್ನೂ ಬರೆಯಲಿಲ್ಲ, ಸುಳಿವು ಕೊಟ್ಟಂತಾಗುತ್ತದೆ ಎಂದು. ಅವನು ಆ ವಾರವಿಡೀ ಬೇರೆ ಊರಿನ ಆಸ್ಪತ್ರೆಯಲ್ಲಿದ್ದ. ಅಮ್ಮ ಏನೂ ಕೇಳಲಿಲ್ಲ. ಆದರೆ ನನ್ನ ಫೋನ್ ಸದ್ದು ಮಾಡಿದಾಗಲೆಲ್ಲ ಅವಳ ಹೊಲಿಗೆಯಂತ್ರ ನಿಲ್ಲುತ್ತಿತ್ತು.

ಶನಿವಾರ ಮಧ್ಯಾಹ್ನ ಉತ್ತರ ಬಂತು. "ಓದು," ಎಂದಳು ಅಮ್ಮ.

ಅವನು ಎರಡೇ ಸಾಲು ಬರೆದಿದ್ದ. 'ಅವಳು ಹೆದರಿದ್ದು ನಿಜ. ಆದರೆ ಆ ಡ್ರೈವರ್ ಅಷ್ಟು ವರ್ಷ ಬಂದರೂ ಒಂದು ಸಲವೂ ಆ ಮಗುವಿನ ಹೆಸರು ಕೇಳಲಿಲ್ಲ.'

ಅಮ್ಮ ಕೈಯಲ್ಲಿದ್ದ ಕೋಟಿನ ತೋಳನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ಹೌದು," ಎಂದಳು ಕೊನೆಗೆ. "ಕೇಳಿರ್ಲಿಲ್ಲ."

ನಾನು ಅವಳ ಮುಖ ನೋಡಿದೆ. ಸಿನಿಮಾದವನ ಬಗ್ಗೆ ತಾನೇ ಎಂದು ಕೇಳಬಹುದಿತ್ತು. ಕೇಳಲಿಲ್ಲ.

"ಆ ಹುಡುಗಿ ಹೆಸರೇನಂದೆ? ಕುಬಾತ್ ಮಗಳು."

"ಸೆಜಿಮ್."

"ಅತ್ತೆ ಜೊತೆ ಅವಳನ್ನೂ ಕರ್ಕೊಂಡ್ ಬರೋಕೆ ಹೇಳು," ಎಂದು ಅಮ್ಮ ಯಂತ್ರದ ಚಕ್ರಕ್ಕೆ ಕೈಹಾಕಿದಳು. "ಮಗು ಎಷ್ಟು ಎತ್ತರ ಇದೆ ಕೇಳ್ಕೊ. ಒಂದು ಅಂಗಿ ಹೊಲಿಯೋಷ್ಟು ದಿನ ಇದೆ ಇನ್ನೂ."