ನಡುಗೋಡೆಯ ತಟ್ಟು

ಮಳೆ ಹಿಂದೆ ಸರಿದು ಚಳಿ ಇನ್ನೂ ಕಾಲಿಡದ ದಿನಗಳು. ಬೆಳಕು ಆಗಷ್ಟೇ ಮೂಡುತ್ತಿತ್ತು. ಹೊಲಿಗೆಯಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಗೋಡೆಯ ಆ ಕಡೆಯಿಂದ ತಮ್ಮ ಟಕ್ ಟಕ್ ಎಂದು ತಟ್ಟಿದ. ಅಕ್ಕ ಉಸಿರು ಬಿಗಿಹಿಡಿದು ಕೂತಳೇ ಹೊರತು ತಿರುಗಿ ತಟ್ಟಲಿಲ್ಲ.

ಆ ಹಳೆಯ ಬೀದಿಯಲ್ಲಿ ಯಾವ ಮನೆಯೂ ಒಂಟಿಯಲ್ಲ. ಸುಣ್ಣದ ಗಾರೆಯ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಎರಡು ಮನೆಗೆ ಒಂದೇ ನಡುಗೋಡೆ; ಇವರ ತೊಲೆಯ ತುದಿ, ಅವರ ತೊಲೆಯ ತುದಿ ಅದರೊಳಗೇ ಹಣೆಗೆ ಹಣೆ ತಾಗಿಸಿಕೊಂಡು ಮಲಗಿವೆ. ಅದಕ್ಕೇ ಕಟ್ಟಿದವರ ಕಾಲದಿಂದ ಒಂದು ಕಟ್ಟಳೆ: ಮನೆ ಕೆಡವುವವನು ಗೋಡೆ ತಟ್ಟಬೇಕು, ಪಕ್ಕದವರು ತಿರುಗಿ ತಟ್ಟಬೇಕು. ಆ ಉತ್ತರ ಬಾರದೆ ಯಾವ ಗಾರೆಯವನೂ ಹಾರೆ ಎತ್ತುವುದಿಲ್ಲ.

ತಮ್ಮನ ಮನೆಯ ನಡುತೊಲೆಗೆ ಗೆದ್ದಲು ಹಿಡಿದಿತ್ತು. ಅಷ್ಟು ದಪ್ಪದ ಮರ ಈಗೆಲ್ಲಿ ಸಿಗಬೇಕು? ಮನೆ ಕೆಡವಿ ಹೆಂಡತಿಯ ಊರಿಗೆ ಹೋಗುವುದೆಂದು ಅವನು ತೀರ್ಮಾನಿಸಿದ. ಅಕ್ಕನಿಗೆ ಹೇಳಿದ್ದು ಎಲ್ಲ ಗೊತ್ತುಮಾಡಿಕೊಂಡ ಮೇಲೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನಾನು ತಟ್ಟಿದರೆ ತಾನೆ ಇವನು ಹೋಗುವುದು ಎಂದು ಅಕ್ಕ ಕೈಕಟ್ಟಿ ಕೂತುಬಿಟ್ಟಳು.

ಗಾರೆಯವನು ಬಂದ. “ಏನಕ್ಕಾ, ತಮ್ಮನ ಮೇಲಿನ ಸಿಟ್ಟನ್ನ ಗೋಡೆ ಮೇಲೆ ತೀರಿಸ್ಕೊಳ್ತೀಯಾ?”

“ನಂಗೆ ಕಿವಿ ಮಂದ ಕಣಪ್ಪ.”

“ಮಂದಾನಾ? ಮೂಲೆಮನೆಯವಳು ನಿನ್ನ ಹೊಲಿಗೆ ಸೊಟ್ಟ ಅಂದಿದ್ದು ಇಲ್ಲೀತನಕ ಕೇಳಿಸ್ತಲ್ಲ!”

“ಬೈಗುಳಕ್ಕೆ ಮಾತ್ರ ಚುರುಕು.”

ಗಾರೆಯವನು ನಗಲಿಲ್ಲ. “ಹೆಂಡ್ತೀನ ತವರಿಗೆ ಕಳಿಸಿ ಅವನೊಬ್ನೇ ಆ ತೊಲೆ ಕೆಳಗೆ ಮಲಗ್ತಿದಾನೆ. ಅದು ಇವತ್ತೋ ನಾಳೆಯೋ ಅನ್ನೋ ಹಾಗಿದೆ.”

“ಅಷ್ಟು ಭಯ ಇದ್ರೆ ಇಲ್ಲಿಗೆ ಬರ್ಲಿ. ಬಾಗಿಲು ಹಾಕಿದೀನಾ ನಾನು?” ಎಂದಳು ಅಕ್ಕ. ಹೋಗಿ ಅವನಿಗೆ ಹೇಳು ಎನ್ನಲು ಮಾತ್ರ ನಾಲಿಗೆ ಏಳಲಿಲ್ಲ.

ಮಾರನೆಯ ಬೆಳಗ್ಗೆ ಆ ಕಡೆಯಿಂದ ತಟ್ಟಿದ ಸದ್ದಿಲ್ಲ. ಬಿಸಿಲೇರುವ ಹೊತ್ತಿಗೆ ಧಡಾರೆಂದು ಗೋಡೆಯೇ ನಡುಗಿತು. ಹೊಲಿಯುತ್ತಿದ್ದ ಬಟ್ಟೆಯ ಮೇಲೆ ಸುಣ್ಣದ ಹುಡಿ ಉದುರಿತು. ಅಕ್ಕ ಕೈಯಲ್ಲಿದ್ದ ಕತ್ತರಿಯ ಹಿಡಿಯಿಂದಲೇ ಗೋಡೆ ತಟ್ಟಿದಳು. “ಲೋ, ಇದ್ದೀಯೇನೋ?” ಉತ್ತರವಿಲ್ಲ. ಮತ್ತೆ ಮತ್ತೆ ತಟ್ಟಿದಳು.

ಆಮೇಲೆ, ನೆಲದ ಹತ್ತಿರದಿಂದ, ಮೆಲ್ಲಗೆ, ಟಕ್ ಟಕ್.

ಬೀದಿಯವರು ಮುರಿದುಬಿದ್ದ ತೊಲೆಯಡಿಯಿಂದ ಅವನನ್ನು ಎಳೆದು ತಂದರು. ಭುಜ ಮುರಿದಿತ್ತು, ಜೀವ ಉಳಿದಿತ್ತು. ಅಕ್ಕನ ಹೊಸ್ತಿಲ ಮೇಲೆ ಕೂತು ಅವನು ಅಂದ, “ಅಕ್ಕಾ, ಅದು ಲೆಕ್ಕಕ್ಕಿಲ್ಲ ಬಿಡು. ನಾನು ಬದುಕಿದೀನಾ ಅಂತ ನೀನು ತಟ್ಟಿದ್ದು.”

ಅಕ್ಕ ಸೆರಗಿನಿಂದ ಅವನ ಕೂದಲಿನ ಸುಣ್ಣ ಒರೆಸಿದಳು.

“ತಟ್ಟಿದ್ದು ತಟ್ಟಿದ್ದೇ ಕಣೋ. ಕೆಡವಿಸು. ನನ್ನ ತೊಲೆ ತುದಿ ಹುಷಾರು.”

ಗಾರೆಯವನು ನಡುಗೋಡೆಗೆ ನೋವಾಗದಂತೆ ಮನೆ ಬಿಚ್ಚಿದ. ಗೋಡೆಯ ಬಯಲಾದ ಮೈಗೆ ಹೊಸ ಗಾರೆ ಮೆತ್ತುತ್ತ ಬಂದವನು, ತಮ್ಮನು ದೀಪವಿಡುತ್ತಿದ್ದ ಗೂಡಿನ ಬಳಿ ನಿಂತ.

“ಇದನ್ನ ಮುಚ್ಚಿದ್ರೆ ಗೋಡೆ ಗಟ್ಟಿಯಾಗುತ್ತಕ್ಕಾ.”

“ಗಟ್ಟಿಯಾಗಿದ್ದು ಸಾಕು, ಹಾಗೇ ಬಿಡು” ಎಂದಳು.

ಈಗ ಬೀದಿಯ ಸಾಲು ಅವಳ ಮನೆಗೇ ಮುಗಿಯುತ್ತದೆ. ಭುಜಕ್ಕೆ ಕಟ್ಟು ಹಾಕಿಕೊಂಡು ತಮ್ಮನು ಹೆಂಡತಿಯ ಊರಿಗೆ ಹೊರಟುಹೋದ.